ಆರಾಮ ಕುರ್ಚಿ ಮತ್ತು ಒದೆಯುವ ಎಮ್ಮೆ

ಆ ಕುರ್ಚಿ ನಿಪ್ಪಾಣಿಯಿಂದ ಟೆಂಪೋದಲ್ಲಿ ಬಂತು. ಸಾಗವಾನಿ ಕಟ್ಟಿಗೆ, ಬೆತ್ತದ ಹೆಣಿಗೆ, ಕಾಲು ಚಾಚಲಿಕ್ಕೆ ಎರಡು ಉದ್ದನೆಯ ಹಲಗೆ. ಬೋರಗಾಂವದಲ್ಲಿ ನಮ್ಮ ಮಾಮಾನ ಮನೆ ಮುಂದೆ ಅದನ್ನು ಇಳಿಸುವಾಗ ಓಣಿಯ ಅರ್ಧ ಜನ ನೆರೆದಿದ್ದರಂತೆ. ಮಾಮಾನ ಹಿರಿಯ ಮಗ ಅದರ ಬೆಲೆಯನ್ನು ಕೇಳದವರಿಗೂ ಹೇಳಿದನಂತೆ. ನಾನಿದ್ದಿದ್ದರೆ ಅದೇ ಟೆಂಪೋದಲ್ಲಿ ಹೊಳ್ಳಿ ಕಳಿಸುತ್ತಿದ್ದೆ. ದನದ ದಲಾಲಿ ಮಾಡಿ ಬದುಕಿದವನು ನಾನು. ಮನೆಗೆ ಬಂದ ಸಾಮಾನು ಏನು ತರುತ್ತದೆ, ಏನು ಒಯ್ಯುತ್ತದೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಆ ಕುರ್ಚಿ ಒಬ್ಬ ಗಟ್ಟಿ ಮನುಷ್ಯನನ್ನು ಒಯ್ಯಲಿಕ್ಕೆ ಬಂದಿತ್ತು.

ಮಾಮಾ ಅಂದರೆ ನನ್ನ ತಾಯಿಯ ಅಣ್ಣ. ನನ್ನಪ್ಪ ಬೇಗ ತೀರಿಕೊಂಡ ಮೇಲೆ ನನ್ನನ್ನು ಸಂತೆಯಿಂದ ಸಂತೆಗೆ ಬೆನ್ನಿಗೆ ಕಟ್ಟಿಕೊಂಡು ತಿರುಗಿದವನು, ದಂಧೆ ಕಲಿಸಿದವನು, ಕಡೆಗೆ ತನ್ನ ಮಗಳನ್ನೂ ಕೊಟ್ಟವನು. ಹಾಗಾಗಿ ಅವನು ನನಗೆ ಎರಡೂ ಕಡೆಯಿಂದ ಮಾವ. ಚಿಕ್ಕೋಡಿ, ರಾಯಬಾಗ, ಅಥಣಿ ಎಲ್ಲಿ ದನದ ಪ್ಯಾಟಿ ಕೂಡಿದರೂ ಅವನು ಇರಲೇಬೇಕು. ನಮ್ಮಲ್ಲಿ ದನದ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಮೇಲೆ ಹಾಕಿ ಅದರ ಮರೆಯಲ್ಲಿ ಬೆರಳು ಹಿಡಿದು ಮಾತಾಡುತ್ತೇವೆ. ಯಾವ ಬೆರಳು, ಎಷ್ಟು ಗೆಣ್ಣು, ಎಷ್ಟು ಒತ್ತು, ಎಲ್ಲ ಲೆಕ್ಕ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಮಾಮಾನ ಕೈ ಹಿಡಿದರೆ ಎದುರಿನವನ ಕಣ್ಣಲ್ಲಿ ನೀರು ಬರುತ್ತಿತ್ತು. ಅಷ್ಟು ಗಟ್ಟಿ. ಎಪ್ಪತ್ತು ದಾಟಿದ ಮೇಲೂ ಅವನು ಎಮ್ಮೆಯ ಹಗ್ಗ ಹಿಡಿದು ಬೋರಗಾಂವದಿಂದ ನಿಪ್ಪಾಣಿಗೆ ನಡೆದುಕೊಂಡೇ ಹೋಗುತ್ತಿದ್ದ.

ಆ ನಡಿಗೆಯೇ ಮುಳುವಾಯಿತು. ಎಂಬತ್ತರ ದಶಕದ ಕೊನೆಗೆ ಹಿರಿಯ ಮಗನ ಕೈ ಹತ್ತಿತ್ತು. ಎರಡಿದ್ದ ಪಾವರ್‌ಲೂಮ್ ಆರಾಗಿದ್ದವು. ಅವನ ಮಗಳನ್ನು ನೋಡಲು ಬಂದ ಬೀಗರು ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಹೊರಟ ಮುದುಕನನ್ನು ಕಂಡು, "ಲೂಮಿನವರ ಮನಿ ಯಾವುದು?" ಎಂದು ಅವನನ್ನೇ ಕೇಳಿದರಂತೆ. ಮಾಮಾ ತನ್ನ ಮನೆಯನ್ನೇ ತೋರಿಸಿದನಂತೆ. ಮಗನ ಮಾನ ಅಲ್ಲೇ ಹೋಯಿತು. ಪಾಪ, ಏನು ಮಾನವೋ! ಆರು ಲೂಮಿನ ಸದ್ದಿಗೆ ಕೆಡದ ಮಾನ ಒಂದು ಎಮ್ಮೆಯ ಹಗ್ಗಕ್ಕೆ ಕೆಟ್ಟಿತು.

ಮರುವಾರವೇ ಕುರ್ಚಿ. ಅದರ ಮೇಲೆ ಮಾಮಾ. ನಮ್ಮ ಸೀಮೆಯಲ್ಲಿ ಇದಕ್ಕೊಂದು ಹೆಮ್ಮೆಯ ಮಾತಿದೆ: "ಅಪ್ಪನ್ನ ಕೂಡಿಸಿ ಉಣಸ್ತೀವಿ." ಹತ್ತು ಜನರ ನಡುವೆ ಈ ಮಾತಾಡದ ಮಗ ಮಗನೇ ಅಲ್ಲ. ಆದರೆ ಕೂಡಿಸುವುದು ಅಂದರೆ ಏನೇನು ಕಿತ್ತುಕೊಳ್ಳುವುದು ಎಂದು ಯಾರೂ ಹೇಳುವುದಿಲ್ಲ. ಮೊದಲು ಹಗ್ಗ ಹೋಯಿತು. ಆಮೇಲೆ ಬಚ್ಚಲಿನ ತನಕದ ನಡಿಗೆ. ಬಿಸಿನೀರು ಕುರ್ಚಿಯ ಬುಡಕ್ಕೇ ಬಂತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಿದ್ದವನ ತಾಟು ತೊಡೆಯ ಮೇಲೆ ಬಂತು. ತಾಟಿನಲ್ಲಿ ಏನು? ಅನ್ನ. ಜೋಳದ ರೊಟ್ಟಿ ತಿಂದು ಬೆಳೆದ ಜನ ನಾವು. ಆಗ ಅನ್ನ ಹಬ್ಬಕ್ಕೋ ಬೀಗರಿಗೋ. ದಿನಾ ಎರಡು ಹೊತ್ತು ಮೆತ್ತಗಿನ ಅನ್ನಕ್ಕೆ ಹಾಲು ಸಕ್ಕರೆ ಕಲಸಿ ಕೊಡುವುದೆಂದರೆ ದೊಡ್ಡ ಮರ್ಯಾದೆ. ಹಲ್ಲು ಒಂದೂ ಬೀಳದ ಮನುಷ್ಯನಿಗೆ ಕೂಸಿನ ಊಟ! ಜುಣಕ ಹೋಯಿತು, ಶೇಂಗಾ ಚಟ್ನಿ ಹೋಯಿತು, ಹಸಿ ಉಳ್ಳಾಗಡ್ಡಿ, ಹೆಸರುಕಾಳಿನ ಪಲ್ಯ ಎಲ್ಲ ಹೋದವು. "ಅಪ್ಪಗ ಪಚನ ಆಗಾಂಗಿಲ್ಲರಿ." ಯಾರು ಹೇಳಿದ್ದು? ಯಾರೂ ಹೇಳಿಲ್ಲ. ಅಪ್ಪನನ್ನು ಕೇಳಿಯೂ ಇಲ್ಲ.

ಒಂದೂವರೆ ವರ್ಷ ನಾನು ಆ ಕಡೆ ಹೆಚ್ಚು ಹೋಗಲಿಲ್ಲ. ಅಳಿಯ ಮಾವನ ಮನೆಯಲ್ಲಿ ಬಾಯಿ ಹಾಕಬಾರದು ಎಂಬ ಸೋಗಿನಲ್ಲಿ ನನ್ನ ದಂಧೆ ನೋಡಿಕೊಂಡಿದ್ದೆ. ಆ ತಪ್ಪು ನನ್ನದು. ಹೋದಾಗ ಮಾಮಾ ಅದೇ ಕುರ್ಚಿಯ ಮೇಲಿದ್ದ. ಕಾಲು ಎರಡೂ ಕಬ್ಬಿನ ಸಿಪ್ಪೆಯಂತೆ. ಏಳಬೇಕಾದರೆ ಇಬ್ಬರು ರಟ್ಟೆ ಹಿಡಿಯಬೇಕು.

"ಅಥಣಿ ಪ್ಯಾಟಿ ಹೆಂಗಾತಲೇ ಅಳಿಯಾ?" ಎಂದು ಕೇಳಿದ. ಹೇಳಿದೆ. ಚಹಾ ಬಂತು. "ಅಥಣಿ ಪ್ಯಾಟಿ ಹೆಂಗಾತು?" ಮತ್ತೆ ಹೇಳಿದೆ. ಚಹಾದ ಕಪ್ಪು ಕೆಳಗಿಟ್ಟು ಮೂರನೇ ಸಲ ಕೇಳಿದ. ವಲ್ಲಿ ತೆಗೆದು ಇಬ್ಬರ ಕೈಮೇಲೆ ಹಾಕಿ ಬೆರಳು ಕೊಟ್ಟೆ. "ಹಿಡೀ ಮಾಮಾ, ಒಂದು ಹೋರಿ ಐತಿ." ಅವನ ಬೆರಳು ನನ್ನ ಬೆರಳನ್ನು ತಡವಿದವು. ಒಂದು ಹಿಡಿದವು, ಬಿಟ್ಟವು, ಮತ್ತೊಂದು ಹಿಡಿದವು. ಒತ್ತೇ ಇಲ್ಲ. ಯಾವ ಬೆರಳಿಗೆ ಯಾವ ಲೆಕ್ಕ ಎಂಬುದು ಮರೆತಿತ್ತು. ವಲ್ಲಿಯ ಮರೆಯಲ್ಲಿ ಏನಾಯಿತೆಂದು ಅವನಿಗೂ ಗೊತ್ತಾಯಿತು, ನನಗೂ. ಇಬ್ಬರೂ ಮುಖ ತಿರುಗಿಸಿದೆವು.

ಮಕ್ಕಳು ಏನೂ ಮಾಡಿರಲಿಲ್ಲ ಅನ್ನಬೇಡಿ. ಮಿರಜಿಗೆ ಒಯ್ದಿದ್ದರು. ನಮ್ಮ ಕಡೆ ಸಾಯುವ ಮೊದಲು ಒಂದು ಸಲವಾದರೂ ಮಿರಜಿನ ಡಾಕ್ಟರ ಮುಖ ನೋಡಬೇಕು. ಆ ಡಾಕ್ಟರು ಎದೆ, ಎಲುವು, ಕಣ್ಣು ಎಲ್ಲ ನೋಡಿ, "ರೋಗ ಇಲ್ಲ, ಬಲ ಇಲ್ಲ. ದಿನಾ ನಡಸ್ರಿ, ಕಾಳುಕಡಿ ತಿನ್ನಸ್ರಿ, ಕೆಲಸ ಹಚ್ಚರಿ, ನಾಕು ಮಂದಿ ಜೋಡಿ ಮಾತಾಡ್ಲಿ. ಕಣ್ಣಿಗಿ ಚಸ್ಮಾ ಬೇಕು" ಎಂದು ಬಿಟ್ಟಿದ್ದರು. ಒಂದು ಇಂಜೆಕ್ಷನ್ ಇಲ್ಲ, ಒಂದು ಗುಳಿಗೆ ಇಲ್ಲ. ಹಿರಿಯ ಮಗನಿಗೆ ಸಿಟ್ಟು ಬಂದಿತ್ತು. "ಗಾಡಿ ಮಾಡಿಕೊಂಡು ಹೋದವ್ರಿಗಿ ನಡೀರಿ ಅಂತಾನ, ಇಂವೆಂಥ ಡಾಕ್ಟರ್?" ಅಲ್ಲಿಂದ ಇನ್ನೊಬ್ಬನ ಹತ್ತಿರ ಹೋಗಿ ಸಲಾಯಿನ್ ಹಚ್ಚಿಸಿದರು. ಬಾಟ್ಲಿಯಲ್ಲಿ ಅರಿಸಿನ ಬಣ್ಣದ ಔಷಧ ಹಾಕಿದ್ದು ನೋಡಿ ಮನಸ್ಸಿಗೆ ಸಮಾಧಾನವಾಯಿತು. ಕುರ್ಚಿಯ ಮಗ್ಗುಲ ಗೋಡೆಯ ಮಾಡದಲ್ಲಿ ಟಾನಿಕ್ ಬಾಟ್ಲಿ ಸಾಲಾಗಿ ನಿಂತವು. ಚಸ್ಮಾ ಮಾತ್ರ ಬರಲಿಲ್ಲ. "ಪೇಪರ್ ಓದ್ತಾನೇನು, ಚಸ್ಮಾ ಯಾಕ?" ಪುಕ್ಕಟೆ ಸಿಕ್ಕ ಒಳ್ಳೆಯ ಮಾತಿಗೆ ಬೆಲೆಯಿಲ್ಲ, ರೊಕ್ಕ ಕೊಟ್ಟು ತಂದ ಬಣ್ಣದ ನೀರಿಗೆ ಬೆಲೆ. ಇಂಥ ಗಿರಾಕಿಗಳು ದನದ ಪ್ಯಾಟಿಗೆ ಬಂದರೆ ನಮಗೆ ಹಬ್ಬ. ಕೋಡಿಗೆ ಎಣ್ಣೆ ಹಚ್ಚಿ ಮುದಿ ಎತ್ತನ್ನು ದಾಟಿಸಬಹುದು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಮ್ಮಪ್ಪ ಆ ಕುರ್ಚಿಮ್ಯಾಲೆ ಹೋದ್ರ, ನಿಮ್ಮ ದಲಾಲಿ ಸುಟ್ಟು ಹಾಕ್ರಿ. ಊರ ಮಂದಿ ದನಾ ಬಿಡಿಸಿ ಕೊಡ್ತೀರಿ, ಅವನ್ನೊಬ್ಬನ್ನ ಬಿಡಸಾಕ ಆಗಾಂಗಿಲ್ಲ?"

ಬಿಡಿಸುವ ಜಾಗ ನನಗೆ ಗೊತ್ತಿತ್ತು. ದೀಪಾವಳಿಗೆ ಅಳಿಯನನ್ನು ಕರೆಯುತ್ತಾರೆ. ಎಣ್ಣೆ ಹಚ್ಚಿ ಎರೆದು, ಹೊಸ ಧೋತರ ಕೊಟ್ಟು, ಹೋಳಿಗೆ ಬಡಿಸುತ್ತಾರೆ. ಅಳಿಯ ತಾಟಿಗೆ ಕೈ ಹಚ್ಚದೆ ಕುಳಿತರೆ ಆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಹೊಸ ಅಳಿಯಂದಿರು ಇದನ್ನು ಕೈಗಡಿಯಾರಕ್ಕೋ ಸೈಕಲ್ಲಿಗೋ ಬಳಸಿ ಕೆಡಿಸಿದ್ದಾರೆ. ನಾನು ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ಮೊದಲ ಸಲ ಬಳಸಿದೆ.

ತಾಟು ಬಂತು. ಹೋಳಿಗೆ, ತುಪ್ಪ, ಕಟ್ಟಿನ ಸಾರು. ನಾನು ಕೈಕಟ್ಟಿ ಕುಳಿತೆ.

"ಯಾಕ್ರಿ ದಾಜಿ, ಚಾಲೂ ಮಾಡ್ರಿ" ಅಂದ ಹಿರಿಯ ಮಗ. ದಾಜಿ ಅಂದರೆ ಒಡಹುಟ್ಟಿದವಳ ಗಂಡ.

"ನಂದು ಒಂದು ಮಾತೈತಿ. ಅದು ನಡದ್ರ ಉಣ್ತೀನಿ."

"ಈ ವಯಸ್ನ್ಯಾಗ ನಿಮಗ ಸ್ಕೂಟರ್ ಬೇಕಾಗೇತೇನು?" ಎಂದು ನಕ್ಕ.

"ನಿಮ್ಮಪ್ಪ ಬೇಕಾಗ್ಯಾನ."

ನಗು ನಿಂತಿತು. ಹೇಳಿದೆ: ಉಗಾದಿ ತನಕ ನನ್ನ ಹೆಂಡತಿ ಇಲ್ಲಿರುತ್ತಾಳೆ. ಮಾಮಾ ರೊಟ್ಟಿ ತಿನ್ನಬೇಕು, ನೆಲದ ಮೇಲೆ ಕುಳಿತು ತಿನ್ನಬೇಕು, ಬಚ್ಚಲಿಗೆ ತಾನೇ ಹೋಗಬೇಕು. ಚಸ್ಮಾ ನಾನು ತರುತ್ತೇನೆ. ಉಗಾದಿಗೆ ಮುಂಚೆ ಅವನನ್ನು ಚಿಕ್ಕೋಡಿ ಪ್ಯಾಟಿಗೆ ಒಯ್ಯುತ್ತೇನೆ.

"ಬಿದ್ದು ಟೊಂಕ ಮುರಕೊಂಡ್ರ? ಮಂದಿ ನಮಗ ಉಗುಳೂದಿಲ್ಲೇನ್ರಿ?"

"ಈಗ ಹಿಂದಿನಿಂದ ಉಗುಳ್ತಾರ. ಆವಾಗ ಮುಂದ ಉಗುಳ್ಲಿ."

ಹೋಳಿಗೆ ಆರುತ್ತಿತ್ತು. ಮಕ್ಕಳೆಲ್ಲ ತಮ್ಮ ತಾಟು ನೋಡುತ್ತಿದ್ದವು. ಮಾಮಾನ ಸೊಸೆ ಅಡುಗೆಮನೆಯಿಂದ, "ಹೂಂ ಅನ್ರಿ, ಹಸದಾವು ಹುಡುಗ್ರು" ಅಂದಳು. ಕಡೆಗೆ ಅವನು ಒಂದು ಶರ್ತು ಹಾಕಿದ: "ಒಂದ ಸಲ ಬಿದ್ರೂ ಹೊಳ್ಳಿ ಕುರ್ಚಿ. ಆಮ್ಯಾಲೆ ನೀವು ಈ ವಿಷಯ ಎತ್ತಾಂಗಿಲ್ಲ." ಆಗಲಿ ಎಂದು ಹೋಳಿಗೆ ಮುರಿದೆ.

ಗಂಡುಮಕ್ಕಳ ಜೊತೆಗಿನ ವ್ಯವಹಾರ ಸುಲಭವಿತ್ತು. ಕಠಿಣವಾದದ್ದು ಮಾಮಾ. ಕೂಡಿಸಿ ಉಣಿಸುವ ಚಟ ಉಣ್ಣುವವನಿಗೂ ಹತ್ತುತ್ತದೆ, ಇದನ್ನು ನೆನಪಿಡಿ. ಮೊದಲ ದಿನ ನೆಲಕ್ಕೆ ಕೂಡಿಸಿದರೆ ಮಗಳಿಗೇ ಬೈದ. "ಯಾಕ ಬೇ, ನನ್ನ ಕೊಲ್ಲಾಕ ಬಂದಿಯೇನ?" ರೊಟ್ಟಿಯನ್ನು ಬದಿಗೆ ಸರಿಸಿ ಹಾಲನ್ನ ಕೇಳಿದ. ಅವಳು ಬಿಸಿ ರೊಟ್ಟಿಯನ್ನು ಹೆಸರುಕಾಳಿನ ಪಲ್ಯದಲ್ಲಿ ಮುರಿದಿಟ್ಟು ಎದ್ದುಹೋಗುತ್ತಿದ್ದಳು. ಹಸಿವು ಬಂದು ತಾನೇ ತಿಂದ. ಬಿದಿರಿನ ಗಳ ಹಿಡಿದು ಪಡಸಾಲೆ, ಪಡಸಾಲೆಯಿಂದ ಅಂಗಳ, ಅಂಗಳದಿಂದ ಹಿತ್ತಲ ಬಾವಿ. ನಾನು ವಾರಕ್ಕೊಮ್ಮೆ ಹೋಗಿ ವಲ್ಲಿಯ ಕೆಳಗೆ ಕೈ ಕೊಡುತ್ತಿದ್ದೆ. ಒಂದೊಂದು ಬೆರಳಿನ ಲೆಕ್ಕವನ್ನು, ಅವನು ನನಗೆ ಕಲಿಸಿದ್ದನ್ನೇ, ಅವನಿಗೆ ಕಲಿಸಿದೆ. ತಪ್ಪಿದಾಗ ನಗುತ್ತಿರಲಿಲ್ಲ. ಅವನು ನನಗೆ ತಪ್ಪಿದಾಗ ತಲೆಗೆ ಹೊಡೆದಿದ್ದ, ಅದೂ ನೆನಪಿತ್ತು.

ಓಣಿಯ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುವ ಐವತ್ತರ ತರುಣರು ದಿನಾ ಕೆಣಕುವರು. "ಏನ್ರೀ ಯಜಮಾನ್ರ, ಮತ್ತ ಲಗ್ನದ ತಯಾರಿ ನಡಸೀರೇನು?" ಆ ಕಟ್ಟೆಯ ಮೇಲಿನ ಐದಾರು ಮಂದಿಯನ್ನು ಎಬ್ಬಿಸಿ ಬಾವಿಯ ತನಕ ನಡೆಸಿದ್ದರೆ ಇಬ್ಬರು ದಾರಿಯಲ್ಲೇ ಕೂಡುತ್ತಿದ್ದರು. ಅವರ ನಗುವಿಗೆ ಹೆದರಿಯೇ ಅಲ್ಲವೇ ಮಕ್ಕಳು ಅಪ್ಪನನ್ನು ಕೂಡಿಸಿದ್ದು!

ಒಂದು ಸಲ ಬಿದ್ದ. ಇದನ್ನು ಈಗ ಹೇಳುತ್ತೇನೆ, ಆಗ ಹೇಳಲಿಲ್ಲ. ಸಂಕ್ರಮಣ ಕಳೆದು ಎಂಟು ದಿನಕ್ಕೆ ಹಿತ್ತಲಲ್ಲಿ ನೀರಿನ ಬಾನಿಯ ಹತ್ತಿರ ಕಾಲು ಜಾರಿತು. ಹೆಂಡತಿ ಓಡಿ ಕೈ ಚಾಚಿದರೆ, "ಸರೀ ಅತ್ತಾಗ" ಅಂದನಂತೆ. ಮಗ್ಗುಲಾಗಿ, ಮೊಣಕಾಲೂರಿ, ಬಾನಿಯ ಕಂಠ ಹಿಡಿದು ಎದ್ದು ನಿಂತನಂತೆ. ಯಾರ ರಟ್ಟೆಯೂ ಇಲ್ಲದೆ. "ಅಣ್ಣಗ ಹೇಳಬ್ಯಾಡ" ಅಂತಲೂ ಅಂದನಂತೆ. ಶರ್ತು ಮುರಿಯಿತು ಎಂದು ನೀವು ಹೇಳಬಹುದು. ಎದ್ದವನನ್ನು ಬಿದ್ದವನೆಂದು ನಾನು ಎಣಿಸುವುದಿಲ್ಲ.

ಶಿವರಾತ್ರಿ ಕಳೆದ ಮೇಲೆ ಚಿಕ್ಕೋಡಿಗೆ ಒಯ್ದೆ. ಹಿರಿಯ ಮಗನೂ ಬಂದ. ಸಹಾಯಕ್ಕಲ್ಲ, ಅಪ್ಪ ಮುಗ್ಗರಿಸುವುದನ್ನು ನೋಡಲಿಕ್ಕೆ. ಪ್ಯಾಟಿಯಲ್ಲಿ ಸತ್ತಿ ಊರಿನ ಒಬ್ಬ ಸಾಬರು ಎಮ್ಮೆ ತಂದಿದ್ದರು. ಮಾಮಾಗಿಂತ ಎರಡು ವರ್ಷ ಹಿರಿಯರು, ಮೊದಲಿನಿಂದ ಜೋಡಿ. ದಿನಕ್ಕೆ ಐದು ಹೊತ್ತು ನೆಲಕ್ಕೆ ಬಾಗಿ ಏಳುವ ಮನುಷ್ಯ. ನಮ್ಮನ್ನು ಕಂಡವರೇ ಕುಕ್ಕರಗಾಲಿನಿಂದ ಕೈ ಊರದೆ ಎದ್ದು ಬಂದರು. ಅದನ್ನು ನೋಡು ಎಂದು ಮಗನಿಗೆ ಕಣ್ಣು ಮಾಡಿದೆ. ಅವನು ಗಡಿಯಾರ ನೋಡಿಕೊಳ್ಳುತ್ತಿದ್ದ.

"ಅರೆ ಭಾಯಿ! ನೀ ಸತ್ತಿ ಅಂತ ಸುದ್ದಿ ಬಂದಿತ್ತಲ್ಲೋ?"

"ನನ್ನ ಕುರ್ಚಿಮ್ಯಾಲೆ ಇಟ್ಟಿದ್ರು," ಅಂದ ಮಾಮಾ. "ನಿನ್ನ ಎಮ್ಮಿ ತೋರ್ಸು."

ಅವರ ಹತ್ತಿರ ಮೂರು ಎಮ್ಮೆಗಳಿದ್ದವು. ಎರಡು ಸಾಧು. ಮೂರನೆಯದು ಪಂಢರಪುರಿ ತಳಿ, ಬೆನ್ನ ತನಕ ಬಂದ ಕತ್ತಿಯಂಥ ಕೋಡು. ಹತ್ತಿರ ಹೋದವನಿಗೆ ಒದೆ. ಆ ದಿನವೇ ಇಬ್ಬರು ತೊಡೆ ತಿಕ್ಕಿಕೊಂಡು ಹೋಗಿದ್ದರು. ಮಾಮಾ ಚಸ್ಮಾ ಸರಿಮಾಡಿಕೊಂಡು ಬಹಳ ಹೊತ್ತು ಅದನ್ನೇ ನೋಡಿದ. ಬಾಯಿಂದ ಏನೋ ಸಪ್ಪಳ ಮಾಡುತ್ತ, ಎದುರಿನಿಂದ ಹೋಗದೆ ಎಡಮಗ್ಗುಲಿನಿಂದ ಹೋಗಿ ಕೊರಳ ಕೆಳಗೆ ತುರಿಸಿದ. ಎಮ್ಮೆ ಕಿವಿ ಜೋಲುಬಿಟ್ಟಿತು. ಆಮೇಲೆ ವಲ್ಲಿ ತೆಗೆದ.

ಸಾಬರ ಕೈ ಒಳಗೆ, ಮಾಮಾನ ಕೈ ಒಳಗೆ. ನನಗೆ ಕಾಣುವುದು ಎರಡು ಮುಖ. ಸಾಬರು ನಕ್ಕರು. ಆಮೇಲೆ ನಗು ಕಡಿಮೆಯಾಯಿತು. "ಬಿಡೋ, ಬೆರಳು ಮುರದಿ!" ಅಂದರು. ವ್ಯವಹಾರ ಮುಗಿದಿತ್ತು. ಒದೆಯುವ ಎಮ್ಮೆ ನಮ್ಮದಾಗಿತ್ತು.

ಸುತ್ತ ನಿಂತ ದಲಾಲಿಗಳು ಬಿದ್ದು ಬಿದ್ದು ನಕ್ಕರು. ಬೆಲೆ ಸಸ್ತಾ ಇತ್ತು, ಖರೆ. ಆದರೆ ಸಾಧು ಎಮ್ಮೆ ಎರಡು ಬಿಟ್ಟು ಇದನ್ನು ಕೊಂಡವನ ತಲೆ ಸರಿಯಿದೆ ಎಂದು ಯಾವ ಬಾಯಿಂದ ಹೇಳಲಿ? ಅವನೇ ನನಗೆ ಕಲಿಸಿದ ಮೊದಲ ಪಾಠ ಒದೆಯುವ ದನ ಮುಟ್ಟಬೇಡ ಎಂದು. ಮಗ ನನ್ನ ಕಿವಿಯ ಹತ್ತಿರ ಬಂದು, "ನೋಡಿದ್ರೇನ್ರಿ ದಾಜಿ? ಕಾಲು ಬಂದಾವು, ತಲಿ ಹೋಗೇತಿ" ಅಂದ. ಅವನ ದನಿಯಲ್ಲಿ ದುಃಖಕ್ಕಿಂತ ಗೆದ್ದ ಖುಷಿ ಹೆಚ್ಚಿತ್ತು. ಟೆಂಪೋದಲ್ಲಿ ಎಮ್ಮೆಯ ಮಗ್ಗುಲು ಮಾಮಾ, ಮುಂದಿನ ಸೀಟಿನಲ್ಲಿ ನಾವಿಬ್ಬರು.

ಮರುದಿನ ಬೆಳಿಗ್ಗೆ ಮಗ ತನ್ನ ಲೂಮಿನ ಆಳಿಗೆ ಎಮ್ಮೆಯನ್ನು ನೀರಿಗೆ ಬಿಡಲು ಹೇಳಿದ. ಆಳು ಒದೆ ತಿಂದು ಗೊಬ್ಬರದ ಗುಂಡಿಯ ಹತ್ತಿರ ಬಿದ್ದ. ಮಗ ತಾನೇ ಹೋದ. ಅವನಿಗೆ ಕೋಡು ತಾಗಲಿಲ್ಲ, ಬಾಲ ತಾಗಿತು, ಸೆಗಣಿಯ ಬಾಲ, ಮುಖದ ಮೇಲೆ. ಸೊಸೆ ಹಾಲು ಹಿಂಡಲು ಚರಿಗೆ ಹಿಡಿದು ಹೋದವಳು ಚರಿಗೆ ಬಿಟ್ಟು ಓಡಿಬಂದಳು. ಆಗ ಮಾಮಾ ಗಳ ಊರಿಕೊಂಡು ಎಡಮಗ್ಗುಲಿನಿಂದ ಹೋದ. ಅದೇ ಸಪ್ಪಳ. ಕೊರಳ ಕೆಳಗೆ ತುರಿಸಿದ. ಹಗ್ಗ ಬಿಚ್ಚಿದ. ಎಮ್ಮೆ ಅವನ ಹಿಂದೆ ಆಕಳ ಕರುವಿನಂತೆ ಹೊರಟಿತು.

ಹಳ್ಳಕ್ಕೆ ಅವನ ಜೊತೆ ನಾನೂ ಹೋದೆ. ದಾರಿಯಲ್ಲಿ ಕೇಳಿದೆ: "ಮಾಮಾ, ಸಾಧು ಎಮ್ಮಿ ಎರಡಿದ್ದೂವಲ್ಲ, ಇದನ್ಯಾಕ ತಂದಿ?"

ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದ. ಮೂವತ್ತು ವರ್ಷದ ಹಿಂದೆ ತಲೆಗೆ ಹೊಡೆಯುವ ಮೊದಲು ಹೀಗೇ ನೋಡುತ್ತಿದ್ದ. "ಸಾಧು ಎಮ್ಮಿ ತಂದಿದ್ರ ನಾಳೆನ ಅದಕ್ಕೊಂದು ಆಳು ಇಡತಿದ್ರಲೇ. ನಾ ಹೊಳ್ಳಿ ಕುರ್ಚಿಮ್ಯಾಲೆ. ಇದರ ಹಂತ್ಯಾಕ ಯಾವ ಮಗ ಬರ್ತಾನ, ಬರ್ಲಿ ನೋಡೂನು."

ನಾಲ್ಕು ತಿಂಗಳು ಅವನಿಗೆ ನಡಿಗೆ, ರೊಟ್ಟಿ, ಬೆರಳ ಲೆಕ್ಕ ಕೊಡಿಸಿದ ಗರ್ವ ನನಗಿತ್ತು. ನಾನು ಉಗಾದಿ ತನಕ ಮಾತ್ರ ಗೆದ್ದಿದ್ದೆ. ಉಗಾದಿಯ ಆಚೆಗೆ ಯೋಚಿಸಿದ್ದು ಅವನು.

ಮಕ್ಕಳು ಆ ಎಮ್ಮೆ ಮಾರಲು ಎರಡು ಸಲ ಗಿರಾಕಿ ಕರೆತಂದರು. ಇಬ್ಬರೂ ಕುಂಟುತ್ತ ಹೋದರು. ದಿನಕ್ಕೆರಡು ಸಲ ಹಳ್ಳ, ಮೇವು ಕತ್ತರಿಸುವುದು, ಹಿಂಡುವುದು, ಹಾಲು ಅಳೆದು ಕೊಡುವುದು, ತಗೊಳ್ಳಲು ಬಂದ ಹೆಂಗಸರ ಜೊತೆ ಜಗಳ, ಎಲ್ಲ ಅವನದೇ. ಪೂರಾ ಮೊದಲಿನ ಮಾಮಾ ಆದನೇ? ಸುಳ್ಳು ಹೇಳಲಾರೆ. ಕೆಲವು ಮಾತು ಎರಡು ಸಲ ಕೇಳುತ್ತಿದ್ದ, ಒಮ್ಮೊಮ್ಮೆ ನನ್ನನ್ನು ನನ್ನ ಅಪ್ಪನ ಹೆಸರಿನಿಂದ ಕರೆಯುತ್ತಿದ್ದ. ಹೋದದ್ದರಲ್ಲಿ ಎಲ್ಲವೂ ಹೊಳ್ಳಿ ಬರುವುದಿಲ್ಲ. ಅದಕ್ಕೇ ಹೋಗುವ ಮೊದಲೇ ಹಿಡಿಯಿರಿ ಅನ್ನುತ್ತೇನೆ. ಆದರೆ ತೊಂಬತ್ತರ ದಶಕ ಅರ್ಧ ಕಳೆಯುವ ತನಕ ಅವನು ತನ್ನ ಕಾಲ ಮೇಲೆ ಬಚ್ಚಲಿಗೆ ಹೋದ, ತನ್ನ ಹಲ್ಲಿನಿಂದ ರೊಟ್ಟಿ ಕಡಿದ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಕುರ್ಚಿ ಇರಬಹುದು. ಈಗ ಅದರ ಎದುರಿಗೆ ಟಿವಿ ಕೂಡ ಇಟ್ಟಿರುತ್ತೀರಿ. ಅಪ್ಪನಿಗೆ ಆರಾಮ ಕೊಟ್ಟೆ ಎಂದು ಬೀಗರ ಮುಂದೆ ಹೇಳುತ್ತಲೂ ಇರುತ್ತೀರಿ. ಒಂದು ಕೆಲಸ ಮಾಡಿ. ಅವರ ಕೈಯನ್ನು ಒಮ್ಮೆ ಹಿಡಿದು ನೋಡಿ, ಎಷ್ಟು ಒತ್ತು ಉಳಿದಿದೆ ಎಂದು. ನೆಲದಿಂದ ತಾವೇ ಏಳುತ್ತಾರೇನು ನೋಡಿ. ಏಳದಿದ್ದರೆ ಟಾನಿಕ್ ಅಂಗಡಿಗೆ ಓಡುವ ಮುಂಚೆ ಅವರಿಂದ ಕಿತ್ತುಕೊಂಡ ಕೆಲಸ ಯಾವುದು ಎಂದು ನೆನಪಿಸಿಕೊಳ್ಳಿ, ಅದನ್ನು ಹೊಳ್ಳಿ ಕೊಡಿ. ಮಂದಿ ನಕ್ಕರೆ ನಗಲಿ.

ಆ ಕುರ್ಚಿಯನ್ನು ಕಡೆಗೆ ಮಾಮಾನೇ ಕೊಟ್ಟಿಗೆಗೆ ಎಳೆದುಕೊಂಡು ಹೋದ. ಅದರ ಮೇಲೆ ಎಮ್ಮೆಯ ಹಿಂಡಿಯ ಚೀಲ ಇಟ್ಟ. ನೆಲದ ಹಸಿ ಹತ್ತಬಾರದಲ್ಲ.